ತಿರುವಿನಲ್ಲಿ ಉಜ್ಜುವ ಹಗುರ ಚಕ್ರ: ಕಾಲೇಜು ಗಾಡಿಗೊಂದು ದೋಷ ನಿವಾರಣೆ ಕೈಪಿಡಿ

ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿ ನಾವು ಏಳು ಜನ ಸೇರಿ ಒಂದು ಮೂರು ಚಕ್ರದ ಗಾಡಿ ಕಟ್ಟಿದೆವು. ಮುಂದೆ ಎರಡು ಚಕ್ರ, ಹಿಂದೆ ಒಂದು, ಡ್ರೈವರ್ ಹೆಚ್ಚುಕಡಿಮೆ ಮಲಗಿಕೊಂಡೇ ಓಡಿಸಬೇಕು. ಶೆಲ್ ಇಕೋ-ಮ್ಯಾರಥಾನ್ ಸ್ಪರ್ಧೆಯಲ್ಲಿ ಪ್ರೊಟೋಟೈಪ್ ಅಂತ ಒಂದು ವಿಭಾಗ ಇದೆಯಲ್ಲ, ಆ ತರದ್ದು. ಕಡಿಮೆ ಇಂಧನದಲ್ಲಿ ಜಾಸ್ತಿ ದೂರ ಹೋಗಬೇಕು, ಅಷ್ಟೇ ಆಟ. ಹಾಗಾಗಿ ಎಲ್ಲರ ತಲೆಯಲ್ಲೂ ಒಂದೇ ಹುಚ್ಚು: ತೂಕ ಇಳಿಸು. ಸೀಟ್ ಕೊರೆದೆವು, ಪೆಡಲ್ ಕೊರೆದೆವು, ಕೊನೆಗೆ ಚಕ್ರಕ್ಕೆ ಬಂದೆವು. 20 ಇಂಚಿನ ಅಲ್ಯೂಮಿನಿಯಂ ರಿಮ್, 36 ಕಡ್ಡಿ (ಸ್ಪೋಕ್) ಬದಲು 24 ಕಡ್ಡಿ, ತೆಳ್ಳಗಿನ ಹಬ್ (ಕಡ್ಡಿಗಳೆಲ್ಲ ಸೇರುವ ಚಕ್ರದ ನಡುಭಾಗ), 12 ಮಿ.ಮೀ. ಆಕ್ಸಲ್ (ಚಕ್ರ ತಿರುಗುವ ಅಚ್ಚು). ಕೈಯಲ್ಲಿ ಹಿಡಿದರೆ ಪಾಪಡ್ ಹಿಡಿದ ಹಾಗಿತ್ತು. ಖುಷಿಯೋ ಖುಷಿ.

ಮೊದಲ ದಿನ ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ಓಡಿಸಿದಾಗ ನೇರ ರಸ್ತೆಯಲ್ಲಿ ಗಾಡಿ ಬೆಣ್ಣೆ. ಬಲಕ್ಕೆ ತಿರುಗಿದ ಕೂಡಲೇ ಎಡ ಮುಂಚಕ್ರದಿಂದ "ಸರ್ರ್" ಅಂತ ಸದ್ದು. ಟೈರ್ ಫೈಬರ್ ಬಾಡಿಗೆ ಉಜ್ಜುತ್ತಿತ್ತು. ಆ ಸದ್ದಿನ ಮೂಲ ಹುಡುಕಲು ನಮಗೆ ಮೂರು ವಾರ ಬೇಕಾಯಿತು, ಅದರಲ್ಲಿ ಎರಡೂವರೆ ವಾರ ತಪ್ಪು ಜಾಗದಲ್ಲೇ ಹುಡುಕಿದೆವು. ಆಮೇಲೆ ಜೂನಿಯರ್‌ಗಳ ಗಾಡಿಗಳಲ್ಲೂ ಇದೇ ತರದ ತೊಂದರೆಗಳನ್ನು ನೋಡಿ ನೋಡಿ ಒಂದು ಕ್ರಮ ಸಿಕ್ಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ಪ್ಯಾನರ್ ಕೈಗೆ ತಗೊಳ್ಳುವ ಮೊದಲು ಒಮ್ಮೆ ಓದಿ.

ಸೈಕಲ್ ಚಕ್ರಕ್ಕೆ ಗೊತ್ತಿಲ್ಲದ ಕಷ್ಟ

ಸೈಕಲ್ ತಿರುಗುವಾಗ ವಾಲುತ್ತದೆ. ವಾಲಿದಾಗ ಭಾರವೆಲ್ಲ ಚಕ್ರದ ಸಮತಲದಲ್ಲೇ, ಅಂದರೆ ಮೇಲಿಂದ ಕೆಳಕ್ಕೆ ಹೋಗುತ್ತದೆ. ಅದಕ್ಕೇ ಅಷ್ಟು ತೆಳ್ಳಗಿನ ಚಕ್ರ ಎಂಬತ್ತು ಕೆ.ಜಿ. ಮನುಷ್ಯನನ್ನು ಹೊತ್ತುಕೊಂಡು ಗುಂಡಿ ಹಾರುತ್ತದೆ. ನಮ್ಮ ಮೂರು ಚಕ್ರದ ಗಾಡಿ ವಾಲುವುದಿಲ್ಲ. ತಿರುವಿನಲ್ಲಿ ರಸ್ತೆ ಟೈರನ್ನು ಅಡ್ಡಡ್ಡ ತಳ್ಳುತ್ತದೆ, ಆ ಅಡ್ಡ ಬಲ ಪೂರ್ತಿ ಚಕ್ರದ ಮೇಲೆ.

ಎಷ್ಟು ಅಂತ ಒಂದು ಲೆಕ್ಕ ಹಾಕಿ. ಗಾಡಿ ಮತ್ತು ಡ್ರೈವರ್ ಸೇರಿ 100 ಕೆ.ಜಿ. ಇರಲಿ. 10 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ತಗೊಂಡರೆ ಅಡ್ಡ ಬಲ ಸುಮಾರು 480 ನ್ಯೂಟನ್. ಅದರಲ್ಲಿ ಮೂರನೇ ಎರಡು ಪಾಲು ಮುಂದಿನ ಎರಡು ಚಕ್ರಕ್ಕೆ, ಅದರಲ್ಲೂ ಹೊರಗಿನ ಚಕ್ರಕ್ಕೆ ಜಾಸ್ತಿ. ಅಂದಾಜು 200 ನ್ಯೂಟನ್ ಅಂತ ಇಟ್ಟುಕೊಳ್ಳಿ. ಟೈರ್ ಸೇರಿ 20 ಇಂಚಿನ ಚಕ್ರದ ತ್ರಿಜ್ಯ ಕಾಲು ಮೀಟರ್. ಅಂದರೆ ಹಬ್ಬಿನ ಹತ್ತಿರ 50 ನ್ಯೂಟನ್-ಮೀಟರ್ ತಿರುಚು. ಈ 50 ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಾವು ವಿನ್ಯಾಸ ಮಾಡುವಾಗ ಇದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಮೇಲಿಂದ ಬರುವ ಭಾರ ಒಂದನ್ನೇ ಸಾಫ್ಟ್‌ವೇರ್‌ನಲ್ಲಿ ಹಾಕಿ, ಎಲ್ಲಾ ಹಸಿರು ಬಣ್ಣ ಬಂತು ಅಂತ ಸ್ಕ್ರೀನ್‌ಶಾಟ್ ತೆಗೆದು ರಿಪೋರ್ಟಿಗೆ ಅಂಟಿಸಿದ್ದೆವು.

ಗುರುತು ನೋಡಿ, ಆಮೇಲೆ ಬಿಚ್ಚಿ

ಉಜ್ಜಿದ ಕಡೆ ಕಪ್ಪು ಗುರುತು ಬಿದ್ದಿರುತ್ತದೆ. ಅದು ಎಲ್ಲಿದೆ ಅಂತ ನೋಡಿ. ಎಡ ಚಕ್ರ, ಬಲ ತಿರುವು: ರಸ್ತೆ ಚಕ್ರದ ಕೆಳಭಾಗವನ್ನು ಒಳಕ್ಕೆ ತಳ್ಳುತ್ತದೆ, ಮೇಲ್ಭಾಗ ಹೊರಕ್ಕೆ ವಾಲುತ್ತದೆ. ಹಾಗಾಗಿ ಗುರುತು ಬಾಡಿಯ ಹೊರಗೋಡೆಯ ಒಳಮೈಯಲ್ಲಿ, ಮೇಲ್ಗಡೆ ಇದ್ದರೆ ಅಡ್ಡ ಬಲಕ್ಕೆ ಏನೋ ಬಾಗುತ್ತಿದೆ ಅಂತ ಅರ್ಥ. ಗುರುತು ಮುಂದೆ ಅಥವಾ ಹಿಂದೆ ಇದ್ದರೆ ಸ್ಟೀರಿಂಗ್ ಜಾಸ್ತಿ ತಿರುಗುತ್ತಿದೆ, ಚಕ್ರದ ತಪ್ಪೇ ಅಲ್ಲ. ಗುರುತು ಗೋಡೆಯಲ್ಲಿರದೆ ಮೇಲಿನ ಚಾವಣಿಯಲ್ಲಿದ್ದರೆ ಗಾಡಿಯ ಚಾಸಿ ಕುಸಿಯುತ್ತಿದೆ. ನೇರ ಹೋಗುವಾಗಲೂ ಪ್ರತಿ ಸುತ್ತಿಗೊಮ್ಮೆ "ಟಕ್ ಟಕ್" ಅಂತ ತಾಳ ಹಾಕಿದ ಹಾಗೆ ಉಜ್ಜಿದರೆ ರಿಮ್ ಬೆಂಡಾಗಿದೆ, ಸೈಕಲ್ ಅಂಗಡಿಗೆ ಕೊಟ್ಟು ಬೆಂಡ್ ತೆಗೆಸಿ, ಕೆಲಸ ಮುಗೀತು.

ಗುರುತು ಸರಿಯಾಗಿ ಕಾಣದಿದ್ದರೆ ಟೈರಿನ ಪಕ್ಕಕ್ಕೆ ಸೀಮೆಸುಣ್ಣ ಬಳಿದು ಒಂದು ಸುತ್ತು ಓಡಿಸಿ. ಐದು ರೂಪಾಯಿ ಖರ್ಚಿಲ್ಲ.

ನಮ್ಮ ಗುರುತು ಹೊರಗೋಡೆಯ ಮೇಲ್ಗಡೆ ಇತ್ತು. ಅಲ್ಲಿಗೆ ಏನೋ ಬಾಗುತ್ತಿದೆ ಅನ್ನುವುದು ಖಚಿತ. ಏನು ಅನ್ನುವುದರಲ್ಲೇ ನಾವು ಎಡವಿದ್ದು. ಕಡ್ಡಿ ಕಡಿಮೆ ಮಾಡಿದ್ದು ನಾವೇ ಅಲ್ವಾ, ಹಾಗಾಗಿ ಕಡ್ಡಿಯದ್ದೇ ತಪ್ಪು ಅಂತ ಎಲ್ಲರೂ ತೀರ್ಮಾನಿಸಿಬಿಟ್ಟೆವು. ಹುಬ್ಬಳ್ಳಿಯಲ್ಲಿ ನಾವು ಹೋಗುತ್ತಿದ್ದ ಸೈಕಲ್ ಅಂಗಡಿಯ ಅಜ್ಜ ಚಕ್ರವನ್ನು ಎರಡು ಮೊಣಕಾಲ ನಡುವೆ ಇಟ್ಟು ಹಿಚುಕಿ ನೋಡಿ, "ತಮ್ಮಾ, ಗಾಲಿ ಚಲೋ ಐತಿ. ಮೊದಲ ಆಕ್ಸಲ್ ನೋಡ" ಅಂದ. ಅಜ್ಜನಿಗೆ ಇಕೋ-ಮ್ಯಾರಥಾನ್ ಏನು ಗೊತ್ತು ಅಂತ ನಾವು ಮನಸ್ಸಲ್ಲೇ ನಕ್ಕು, 36 ಕಡ್ಡಿಯ ರಿಮ್ಮು, ಹಬ್ಬು ತಂದು ಹೊಸ ಚಕ್ರ ಕಟ್ಟಿಸಿದೆವು. ಉಜ್ಜುವುದು ನಿಲ್ಲಲಿಲ್ಲ.

ನೀರಿನ ಕ್ಯಾನ್ ಪರೀಕ್ಷೆ

ಇದೊಂದು ಪರೀಕ್ಷೆ ಮೊದಲೇ ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು. ಬೇಕಾಗಿರುವುದು ಗಟ್ಟಿಯಾದ ಬೆಂಚ್ ವೈಸ್, 20 ಲೀಟರ್ ನೀರಿನ ಕ್ಯಾನ್, ಒಂದು ಹಗ್ಗ, ಎರಡು ಡಯಲ್ ಗೇಜ್ (ಚೂರು ಅಲ್ಲಾಡಿದರೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ). ಗೇಜ್ ಇಲ್ಲದಿದ್ದರೆ ಸ್ಟೀಲ್ ಸ್ಕೇಲ್ ಸಾಕು, ಕಣ್ಣು ಚುರುಕಿರಬೇಕು ಅಷ್ಟೇ.

ಚಕ್ರ, ಆಕ್ಸಲ್, ನಕಲ್ (ನಕಲು ಅಲ್ಲ, ಆಕ್ಸಲ್ಲನ್ನು ಹಿಡಿದುಕೊಂಡು ಸ್ಟೀರಿಂಗ್ ಜೊತೆ ತಿರುಗುವ ತುಂಡು) ಮೂರನ್ನೂ ಗಾಡಿಯಿಂದ ಒಟ್ಟಿಗೆ ಬಿಚ್ಚಿ. ನಕಲ್ಲನ್ನು ವೈಸ್‌ನಲ್ಲಿ ಹಿಡಿಸಿ, ಚಕ್ರ ತಟ್ಟೆಯ ಹಾಗೆ ಅಡ್ಡ ಮಲಗಬೇಕು, ಆಕ್ಸಲ್ ನೇರ ನಿಂತಿರಬೇಕು. ಒಂದು ಗೇಜನ್ನು ರಿಮ್ಮಿನ ಒಂದು ಬದಿಗೆ, ಇನ್ನೊಂದನ್ನು ಸರಿಯಾಗಿ ಎದುರು ಬದಿಗೆ ಇಡಿ. ಎರಡೂ ಸೊನ್ನೆ ಮಾಡಿ. ಈಗ ಮೊದಲ ಗೇಜ್ ಪಕ್ಕದಲ್ಲಿ ರಿಮ್ಮಿಗೆ ಹಗ್ಗ ಕಟ್ಟಿ ಕ್ಯಾನ್ ನೇತುಹಾಕಿ. ನೀರು ತುಂಬಿದ ಕ್ಯಾನ್ ಅಂದರೆ 20 ಕೆ.ಜಿ. ಚಿಲ್ಲರೆ, ಸುಮಾರು 200 ನ್ಯೂಟನ್. ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ಬರುವ ಅಡ್ಡ ಬಲವೂ ಅಷ್ಟೇ ಇತ್ತಲ್ವಾ? ಟೈರ್ ಅಂಚಿನ ಬದಲು ರಿಮ್ಮಿಗೆ ಕಟ್ಟಿರುವುದರಿಂದ ತಿರುಚು ಸ್ವಲ್ಪ ಕಡಿಮೆ, 40ರ ಆಸುಪಾಸು. ಪರವಾಗಿಲ್ಲ.

ಈಗ ಎರಡೂ ಗೇಜ್ ಓದಿ. ಕ್ಯಾನ್ ಕಟ್ಟಿದ ಬದಿ ಕೆಳಗೆ ಹೋಗಿರುತ್ತದೆ, ಅದು ಎಲ್ಲರಿಗೂ ಗೊತ್ತು. ಎದುರು ಬದಿ ಏನು ಮಾಡಿತು ಅನ್ನುವುದೇ ಉತ್ತರ. ಎದುರು ಬದಿ ಹೆಚ್ಚುಕಡಿಮೆ ಅಷ್ಟೇ ಮೇಲೆ ಎದ್ದಿದ್ದರೆ ಇಡೀ ಚಕ್ರ ಒಂದೇ ತುಂಡಾಗಿ ವಾಲಿದೆ, ತಪ್ಪು ಕಡ್ಡಿಯಲ್ಲಿಲ್ಲ, ಆಕ್ಸಲ್, ಬೇರಿಂಗ್ ಅಥವಾ ನಕಲ್‌ನಲ್ಲಿದೆ. ಎದುರು ಬದಿ ಅಲ್ಲಾಡದೆ ಕ್ಯಾನ್ ಬದಿ ಮಾತ್ರ ಬಗ್ಗಿದ್ದರೆ ಕಡ್ಡಿ, ರಿಮ್ ದುರ್ಬಲ.

ನಮ್ಮದರಲ್ಲಿ ಕ್ಯಾನ್ ಬದಿ ಐದೂವರೆ ಮಿ.ಮೀ. ಇಳಿಯಿತು, ಎದುರು ಬದಿ ನಾಲ್ಕು ಮಿ.ಮೀ. ಎದ್ದಿತು. ಅಂದರೆ ಒಟ್ಟು ಬಾಗುವಿಕೆಯಲ್ಲಿ ಕಡ್ಡಿ-ರಿಮ್ಮಿನ ಪಾಲು ಬರೀ ಒಂದೂವರೆ. ಅಷ್ಟಕ್ಕೇ ನಿಲ್ಲಲಿಲ್ಲ, ಕ್ಯಾನ್ ಇಳಿಸಿದ ಮೇಲೂ ಮುಳ್ಳು ಪೂರ್ತಿ ಸೊನ್ನೆಗೆ ವಾಪಸ್ ಬರಲಿಲ್ಲ, ಅರ್ಧ ಮಿ.ಮೀ. ಅಲ್ಲೇ ಕೂತಿತು. ಹೀಗೆ ವಾಪಸ್ ಬರದಿದ್ದರೆ ಎರಡೇ ಕಾರಣ: ಆಕ್ಸಲ್ ಶಾಶ್ವತವಾಗಿ ಬಗ್ಗಿದೆ, ಇಲ್ಲವೇ ಬೇರಿಂಗ್ ತನ್ನ ಜಾಗದಲ್ಲಿ ಸಡಿಲ ಕೂತು ಜಾರಿದೆ. ಅಜ್ಜ ಸರಿ.

ಯಾವುದು ಅಂತ ಬೇರ್ಪಡಿಸಲು ಗೇಜನ್ನು ಆಕ್ಸಲ್ ತುದಿಗೆ, ಆಮೇಲೆ ಹಬ್ಬಿನ ಮೈಗೆ ಇಟ್ಟು ಮತ್ತೆ ಕ್ಯಾನ್ ಕಟ್ಟಿ. ಆಕ್ಸಲ್ ಅಲ್ಲಾಡದೆ ಹಬ್ ಮಾತ್ರ ಅಲ್ಲಾಡಿದರೆ ಬೇರಿಂಗ್ ಸಡಿಲ ಇದೆ. ಎರಡೂ ಒಟ್ಟಿಗೆ ಅಲ್ಲಾಡಿದರೆ ಆಕ್ಸಲ್ ಅಥವಾ ಅದನ್ನು ಹಿಡಿದಿರುವ ನಕಲ್. ನಕಲ್ ಮೇಲೆ ಒಂದು ಗೇಜ್ ಇಟ್ಟರೆ ಅದೂ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಿ. ನಾವು ಬೇರಿಂಗೂ ಬದಲಿಸಿ, ನಕಲ್‌ಗೆ ಪಟ್ಟಿಯೂ ವೆಲ್ಡ್ ಮಾಡಿ, ಕಡ್ಡಿಯೂ ಬಿಗಿ ಮಾಡಿ, ಆಮೇಲೆ ಯಾವುದರಿಂದ ಏನಾಯಿತು ಅಂತ ಗೊತ್ತಾಗದೆ ತಲೆ ಕೆರೆದುಕೊಂಡದ್ದು ಸಾಕು.

ಆಕ್ಸಲ್: ಅದೇ ತೂಕ, ನಾಲ್ಕೂವರೆ ಪಟ್ಟು ಬಿಗಿ

ಸೈಕಲ್‌ನಲ್ಲಿ ಆಕ್ಸಲ್ಲನ್ನು ಫೋರ್ಕ್ ಎರಡೂ ಕಡೆ ಹಿಡಿದಿರುತ್ತದೆ. ನಮ್ಮ ಗಾಡಿಯ ಮುಂಚಕ್ರದಲ್ಲಿ ಒಂದೇ ಕಡೆ. ಗೋಡೆಗೆ ಹೊಡೆದ ಮೊಳೆಗೆ ಚೀಲ ನೇತುಹಾಕಿದ ಹಾಗೆ. ಆ 50 ನ್ಯೂಟನ್-ಮೀಟರ್ ಪೂರ್ತಿ ಆ ಮೊಳೆಯ ಬುಡಕ್ಕೆ.

12 ಮಿ.ಮೀ. ಗಟ್ಟಿ ಸರಳಿನಲ್ಲಿ 50 ನ್ಯೂಟನ್-ಮೀಟರ್ ಬಂದರೆ ಒತ್ತಡ ಸುಮಾರು 295 ಮೆಗಾಪ್ಯಾಸ್ಕಲ್. ಸಾಮಾನ್ಯ ಮೈಲ್ಡ್ ಸ್ಟೀಲ್ 250ರ ಹತ್ತಿರವೇ ಸೋಲುತ್ತದೆ. ನಮ್ಮ ಲೇತ್ ಅಂಗಡಿಯವರು ಕೈಗೆ ಸಿಕ್ಕ ಸರಳು ಕಡಿದು ಕೊಟ್ಟಿದ್ದರು, ಯಾವ ಸ್ಟೀಲ್ ಅಂತ ನಾವೂ ಕೇಳಿರಲಿಲ್ಲ. ಬಗ್ಗದೆ ಇನ್ನೇನು ಮಾಡೀತು?

ಈಗ 20 ಮಿ.ಮೀ. ಹೊರವ್ಯಾಸ, 16 ಮಿ.ಮೀ. ಒಳವ್ಯಾಸದ ಕೊಳವೆ ತಗೊಳ್ಳಿ. 20ರ ವರ್ಗ 400, 16ರ ವರ್ಗ 256, ಕಳೆದರೆ 144. 12ರ ವರ್ಗವೂ 144. ಅಂದರೆ ಅದೇ ಉದ್ದಕ್ಕೆ ಎರಡರ ತೂಕವೂ ಒಂದೇ, ಗ್ರಾಂ ಕೂಡ ಹೆಚ್ಚಿಲ್ಲ. ಆದರೆ ಬಾಗದೆ ನಿಲ್ಲುವ ಶಕ್ತಿ ಸುಮಾರು ನಾಲ್ಕೂವರೆ ಪಟ್ಟು, ಒತ್ತಡ 295ರಿಂದ 108ಕ್ಕೆ ಇಳಿಯುತ್ತದೆ. ಇದನ್ನು ಮೊದಲ ಸಲ ಕಾಗದದ ಮೇಲೆ ನೋಡಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು, ಯಾಕೆಂದರೆ ಇದೇ ಸೂತ್ರ ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಒಂಬತ್ತು ತಗೊಂಡಿದ್ದೆ.

ಬೇರಿಂಗ್ ದೊಡ್ಡದಾಗುತ್ತದಲ್ಲ ಅಂತೀರಾ? 6001 ಬೇರಿಂಗ್ 12 ಮಿ.ಮೀ. ಆಕ್ಸಲ್‌ಗೆ, ಹೊರವ್ಯಾಸ 28, ದಪ್ಪ 8. 20 ಮಿ.ಮೀ. ಆಕ್ಸಲ್‌ಗೆ 6804 ಸಿಗುತ್ತದೆ, ಹೊರವ್ಯಾಸ 32, ದಪ್ಪ 7 ಅಷ್ಟೇ. ಹಬ್ ಬರೀ 4 ಮಿ.ಮೀ. ದಪ್ಪ ಆಗುತ್ತದೆ. ಬೆಂಗಳೂರಿನವರಾದರೆ ಎಸ್.ಜೆ.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎರಡೂ ಸಿಗುತ್ತವೆ. ಆಕ್ಸಲ್ಲಿಗೆ ಇಎನ್24 ಸ್ಟೀಲ್ ಬೇಕು ಅಂತ ಬಾಯಿಬಿಟ್ಟು ಕೇಳಿ, ಕೊಳವೆ ಸಿಗದಿದ್ದರೆ ಸರಳಿಗೇ ನಡುವೆ ತೂತು ಹಾಕಿಸಿ. ನಕಲ್‌ಗೆ ಸೇರುವ ಜಾಗದಲ್ಲಿ ವ್ಯಾಸ ಬದಲಾಗುವ ಮೂಲೆಯನ್ನು ಚೂಪಾಗಿ ಬಿಡಬೇಡಿ, ಗುಂಡಗೆ ಮಾಡಿಸಿ, ಬಿರುಕು ಹುಟ್ಟುವುದೇ ಅಲ್ಲಿ.

ಆಕ್ಸಲ್ ಬದಲಿಸಿದ ಮೇಲೆ ಅದೇ ಕ್ಯಾನ್ ಪರೀಕ್ಷೆಯಲ್ಲಿ ಕ್ಯಾನ್ ಬದಿ ಎರಡೂವರೆ ಇಳಿಯಿತು, ಎದುರು ಬದಿ ಒಂದು ಮಿ.ಮೀ. ಎದ್ದಿತು. ಬಾಡಿಗೂ ಟೈರಿಗೂ ನಡುವೆ 6 ಮಿ.ಮೀ. ಜಾಗ ಇತ್ತು. ಸದ್ದು ನಿಂತಿತು.

ಎದುರು ಬದಿ ಅಲ್ಲಾಡದಿದ್ದರೆ: ಈಗ ಕಡ್ಡಿಗೆ ಬನ್ನಿ

ಅಡ್ಡ ಬಲ ತಡೆಯುವುದು ಕಡ್ಡಿಯ ಓರೆ. ಹಬ್ಬಿನ ಎರಡು ಫ್ಲ್ಯಾಂಜ್ (ಕಡ್ಡಿ ಸಿಕ್ಕಿಸುವ ತೂತುಗಳಿರುವ ಬಿಲ್ಲೆ) ಎಷ್ಟು ದೂರ ಇವೆಯೋ ಅಷ್ಟು ಓರೆ ಜಾಸ್ತಿ. ಚಕ್ರದ ನಡುಗೆರೆಯಿಂದ ಫ್ಲ್ಯಾಂಜ್ 20 ಮಿ.ಮೀ. ದೂರ ಇದ್ದದ್ದನ್ನು 30ಕ್ಕೆ ಮಾಡಿದರೆ ಅಡ್ಡ ಬಿಗಿತ ಎರಡೂಕಾಲು ಪಟ್ಟು ಆಗುತ್ತದೆ, ಯಾಕೆಂದರೆ ಅದು ಓರೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎಷ್ಟೋ ತಂಡದವರು ಹಬ್ ಹಗುರ ಆಗಲಿ ಅಂತ ಫ್ಲ್ಯಾಂಜ್‌ಗಳನ್ನು ಹತ್ತಿರ ತಂದುಬಿಡುತ್ತಾರೆ. ಅಲ್ಲಿ ಉಳಿಸಿದ ಹತ್ತು ಗ್ರಾಂ ಸರಿದೂಗಿಸಲು ಆಮೇಲೆ ಭಾರದ ರಿಮ್ ಹಾಕುತ್ತಾರೆ. ಚಿಕ್ಕ ಚಕ್ರ ಒಳ್ಳೆಯದು ಅನ್ನುವುದೂ ಇದೇ ಕಾರಣಕ್ಕೆ. ಅದೇ ಹಬ್ಬನ್ನು 26 ಇಂಚಿನ ರಿಮ್ಮಿಗೆ ಕಟ್ಟಿದರೆ ಕಡ್ಡಿ ಉದ್ದ ಆಗುತ್ತದೆ, ಓರೆ ಕಡಿಮೆ ಆಗುತ್ತದೆ, ಅಡ್ಡ ಬಿಗಿತ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಬೀಳುತ್ತದೆ.

ಇನ್ನು ಕಡ್ಡಿ ಎಣಿಕೆ. 2 ಮಿ.ಮೀ. ದಪ್ಪದ, 180 ಮಿ.ಮೀ. ಉದ್ದದ ಸ್ಟೀಲ್ ಕಡ್ಡಿ ಒಂದಕ್ಕೆ ನಾಲ್ಕೂವರೆ ಗ್ರಾಂ, ಹಿತ್ತಾಳೆ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್) ಒಂದು ಗ್ರಾಂ. 36ರಿಂದ 24ಕ್ಕೆ ಇಳಿಸಿದರೆ ಒಂದು ಚಕ್ರಕ್ಕೆ 66 ಗ್ರಾಂ ಉಳಿತಾಯ. ಒಂದು ದೊಡ್ಡ ಕೋಳಿಮೊಟ್ಟೆಯ ತೂಕ. ರಿಮ್ಮಿನ ಅಂಚಿನಲ್ಲಿ ಕಡಿಮೆಯಾದ ತೂಕ ವೇಗ ಏರಿಸುವಾಗ ಎರಡರಷ್ಟು ಲಾಭ ಕೊಡುತ್ತದೆ ಅನ್ನುವುದು ನಿಜ, ಆದರೆ ಕಡ್ಡಿಯ ತೂಕ ಅಂಚಿನಲ್ಲಿಲ್ಲ, ನಡುವೆ ಹರಡಿದೆ. ಸಮ ವೇಗದಲ್ಲಿ ಹೋಗುವಾಗ ಆ ಎರಡರಷ್ಟು ಲಾಭವೂ ಇಲ್ಲ. ಮೊಟ್ಟೆ ಬೇಕಾದರೆ ಡ್ರೈವರ್ ಬೆಳಿಗ್ಗೆ ತಿನ್ನದೇ ಇರಲಿ.

ಕಡ್ಡಿ ಪದೇ ಪದೇ ಸಡಿಲ ಆಗುತ್ತದೆ

ಬಹಳ ಸಾಮಾನ್ಯ ದೂರು. "ಮೊನ್ನೆ ತಾನೇ ಬಿಗಿ ಮಾಡಿಸಿದ್ದು, ಮತ್ತೆ ಲೂಸ್" ಅಂತ. ಕಾರಣ ಚಿಕ್ಕ ಚಕ್ರದಲ್ಲೇ ಅಡಗಿದೆ.

ಒಂದು ಕಡ್ಡಿಗೆ 100 ಕೆ.ಜಿ. ಎಳೆತ ಕೊಟ್ಟರೆ 2 ಮಿ.ಮೀ. ದಪ್ಪದ, 180 ಮಿ.ಮೀ. ಉದ್ದದ ಕಡ್ಡಿ ಎಷ್ಟು ಹಿಗ್ಗುತ್ತದೆ ಗೊತ್ತಾ? 0.28 ಮಿ.ಮೀ. ಅಷ್ಟೇ. ಅಂದರೆ ರಿಮ್ಮಿನ ತೂತಿನಲ್ಲಿ ನಿಪ್ಪಲ್ ಒಂದು ಹತ್ತನೇ ಮಿ.ಮೀ. ಒಳಕ್ಕೆ ಕೂತರೆ, ಎಳೆತದ ಮೂರನೇ ಒಂದು ಪಾಲು ಹೋಯಿತು. ಬಳಿದ ಬಣ್ಣ ಸವೆದರೂ ಸಾಕು. ದೊಡ್ಡ ಸೈಕಲ್ ಚಕ್ರದಲ್ಲಿ ಕಡ್ಡಿ ಉದ್ದ, ಹಿಗ್ಗುವುದು ಜಾಸ್ತಿ, ಅಷ್ಟು ಬೇಗ ಸಡಿಲ ಆಗುವುದಿಲ್ಲ.

ಇಲ್ಲೇ ಒಂದು ಉಲ್ಟಾ ಮಾತಿದೆ. ಕಡ್ಡಿ ಸಡಿಲ ಆಗುತ್ತದೆ ಅಂತ ಜನ ದಪ್ಪ ಕಡ್ಡಿ ಹಾಕುತ್ತಾರೆ, ಆಗ ಇನ್ನೂ ಬೇಗ ಸಡಿಲ ಆಗುತ್ತದೆ! ದಪ್ಪ ಕಡ್ಡಿ ಕಡಿಮೆ ಹಿಗ್ಗುತ್ತದೆ, ಹಾಗಾಗಿ ಚೂರು ಕೂತರೂ ಎಳೆತ ಪೂರ್ತಿ ಹೋಗುತ್ತದೆ. ನಡುವೆ 1.5 ಮಿ.ಮೀ.ಗೆ ತೆಳ್ಳಗೆ ಮಾಡಿದ ಕಡ್ಡಿ ಅದೇ ಎಳೆತಕ್ಕೆ ಸುಮಾರು ಅರ್ಧ ಮಿ.ಮೀ. ಹಿಗ್ಗುತ್ತದೆ, ರಬ್ಬರ್ ಬ್ಯಾಂಡ್ ತರ ಹಿಡಿದುಕೊಂಡಿರುತ್ತದೆ, ಮೇಲಾಗಿ ತೂಕವೂ ಕಡಿಮೆ. ಅಡ್ಡ ಬಿಗಿತ ಸ್ವಲ್ಪ ಬಿಟ್ಟುಕೊಡಬೇಕು, ಅದನ್ನು ಅಗಲ ಫ್ಲ್ಯಾಂಜ್‌ನಿಂದ ವಾಪಸ್ ಪಡೆಯಿರಿ.

ಎಳೆತ ಅಳೆಯುವ ಗೇಜ್ ಇಲ್ಲದಿದ್ದರೆ ಕಡ್ಡಿ ಮೀಟಿ ಕೇಳಿ. ನಮ್ಮ ತಂಡದಲ್ಲಿ ಪಿಟೀಲು ಕಲಿಯುತ್ತಿದ್ದ ಹುಡುಗಿ ಇದ್ದಳು, ಕಣ್ಣು ಮುಚ್ಚಿಕೊಂಡು ಚಕ್ರ ತಿರುಗಿಸುತ್ತಾ ಬೆರಳಲ್ಲಿ ಮೀಟುತ್ತಾ "ಇದು ಇಳಿದಿದೆ, ಇದೂ ಇಳಿದಿದೆ" ಅನ್ನುತ್ತಿದ್ದಳು, ಆಮೇಲೆ ಗೇಜ್ ಇಟ್ಟು ನೋಡಿದರೆ ಅವೇ ಕಡ್ಡಿ. ಎಳೆತ ಅರ್ಧಕ್ಕೆ ಇಳಿದರೆ ಸ್ವರ ಸುಮಾರು ಹತ್ತಕ್ಕೆ ಏಳರಷ್ಟು ಆಗುತ್ತದೆ, ಸಂಗೀತ ಬರದವರಿಗೂ ಗೊತ್ತಾಗುವಷ್ಟು ವ್ಯತ್ಯಾಸ. ಫೋನಿನ ಶ್ರುತಿ ಆ್ಯಪ್ ಆದರೂ ಸರಿ. ಒಂದು ಎಚ್ಚರ: ಒಂದೇ ಬದಿಯ ಕಡ್ಡಿಗಳನ್ನು ಮಾತ್ರ ಪರಸ್ಪರ ಹೋಲಿಸಿ, ಕಡ್ಡಿ ಇನ್ನೊಂದನ್ನು ಮುಟ್ಟುವ ಜಾಗಕ್ಕಿಂತ ಹೊರಗೆ, ರಿಮ್ ಕಡೆಯ ಭಾಗದಲ್ಲಿ ಒಂದೇ ಜಾಗದಲ್ಲಿ ಮೀಟಿ.

ಸರಿಪಡಿಸುವಾಗ ಟೈರ್, ಟ್ಯೂಬ್ ತೆಗೆದು ನಿಪ್ಪಲ್ ಕೂರುವ ಜಾಗಕ್ಕೆ ಒಂದೊಂದು ಹನಿ ಎಣ್ಣೆ ಬಿಡಿ. ಸ್ಪೋಕ್ ಕೀ ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ತಿರುಗಿಸಬೇಡಿ. ನಿಪ್ಪಲ್ ಒಂದು ಸುತ್ತು ಅಂದರೆ ಸುಮಾರು 0.45 ಮಿ.ಮೀ. ಎಳೆತ ಪೂರ್ತಿ ಬರುವುದು 0.28ಕ್ಕೆ ಅಂತ ಮೇಲೆ ಹೇಳಿದೆನಲ್ಲ, ಹಾಗಾಗಿ ಕಾಲು ಸುತ್ತೇ ದೊಡ್ಡದು. ಕೀ ಜೊತೆ ಕಡ್ಡಿಯೂ ತಿರುಚಿಕೊಳ್ಳುತ್ತದೆ, ಅದಕ್ಕೆ ಕೀಯನ್ನು ಸ್ವಲ್ಪ ಜಾಸ್ತಿ ತಿರುಗಿಸಿ ವಾಪಸ್ ತನ್ನಿ. ಕೊನೆಗೆ ಅಕ್ಕಪಕ್ಕದ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಕೈಯಲ್ಲಿ ಗಟ್ಟಿಯಾಗಿ ಹಿಂಡಿ, "ಟಿಣ್ ಟಿಣ್" ಅಂತ ಸದ್ದು ಬಂದರೆ ಏನೋ ಕೂತಿತು ಅಂತ ಅರ್ಥ, ಮತ್ತೆ ಬಿಗಿ ಮಾಡಿ, ಮತ್ತೆ ಹಿಂಡಿ, ಸದ್ದು ನಿಲ್ಲುವ ತನಕ. ಟೈರಿಗೆ ಗಾಳಿ ತುಂಬಿದ ಮೇಲೆ ಎಳೆತ ಸ್ವಲ್ಪ ಇಳಿಯುತ್ತದೆ, ಗಾಬರಿ ಬೇಡ, ಗಾಳಿ ರಿಮ್ಮನ್ನು ಒಳಕ್ಕೆ ಒತ್ತುತ್ತದೆ, ಅದು ಸಹಜ.

ಕಡ್ಡಿ ಮುರಿದರೆ ಎಲ್ಲಿ ಮುರಿಯಿತು ನೋಡಿ

ಹಬ್ ಹತ್ತಿರದ ಬಾಗಿನಲ್ಲಿ ಮುರಿದಿದ್ದರೆ ಸುಸ್ತು, ಅಂದರೆ ಎಳೆತ ಕಡಿಮೆ ಇದ್ದು ಪ್ರತಿ ಸುತ್ತಿನಲ್ಲಿ ಕಡ್ಡಿ ಸಡಿಲ-ಬಿಗಿ, ಸಡಿಲ-ಬಿಗಿ ಆಗಿದೆ. ತುಂಬಾ ಬಿಗಿ ಮಾಡಿದ್ದಕ್ಕೆ ಮುರಿಯಿತು ಅಂತ ಜನ ತಪ್ಪು ತಿಳಿದು ಉಳಿದವನ್ನೂ ಸಡಿಲ ಮಾಡುತ್ತಾರೆ, ವಾರದಲ್ಲಿ ಇನ್ನೂ ಮೂರು ಹೋಗುತ್ತವೆ.

ನಿಪ್ಪಲ್ ಹತ್ತಿರ, ಮರೆಯಲ್ಲಿ (ದಾರ ಕೊರೆದ ಜಾಗದಲ್ಲಿ) ಮುರಿದಿದ್ದರೆ ಹೆಣಿಗೆ ತಪ್ಪು. ದೊಡ್ಡ ಹಬ್, ಚಿಕ್ಕ ರಿಮ್ ಇಟ್ಟುಕೊಂಡು ಸೈಕಲ್ ತರ ಮೂರು ಅಡ್ಡ (ಒಂದೊಂದು ಕಡ್ಡಿ ಬೇರೆ ಮೂರು ಕಡ್ಡಿಯನ್ನು ದಾಟುವ ಹಾಗೆ) ಹೆಣೆದರೆ ಕಡ್ಡಿ ರಿಮ್ಮಿಗೆ ನೇರ ಹೋಗದೆ ಓರೆಯಾಗಿ ಹೋಗಿ ನಿಪ್ಪಲ್ ಬಾಯಲ್ಲಿ ಬಗ್ಗುತ್ತದೆ. 20 ಇಂಚಿಗೆ ಒಂದು ಅಥವಾ ಎರಡು ಅಡ್ಡ ಸಾಕು. ಹಾಗಂತ ಅಡ್ಡವೇ ಇಲ್ಲದೆ ನೇರ ಹೆಣೆಯಬಹುದಾ? ಬ್ರೇಕ್ ಹಬ್ಬಿನಲ್ಲಿ ಇಲ್ಲದ, ಎಂಜಿನ್ ತಿರುಗಿಸದ ಚಕ್ರಕ್ಕೆ ಮಾತ್ರ. ಇಕೋ-ಮ್ಯಾರಥಾನ್‌ನಲ್ಲಿ ಗಾಡಿಯನ್ನು 20% ಇಳಿಜಾರಿನಲ್ಲಿ ಡ್ರೈವರ್ ಸಮೇತ ನಿಲ್ಲಿಸಿ ಬ್ರೇಕ್ ಪರೀಕ್ಷಿಸುತ್ತಾರೆ. 100 ಕೆ.ಜಿ. ಗಾಡಿಯನ್ನು ಮುಂದಿನ ಎರಡು ಡಿಸ್ಕ್ ಬ್ರೇಕ್ ಮಾತ್ರ ಹಿಡಿದಿದ್ದರೆ ಒಂದೊಂದು ಹಬ್ಬಿಗೆ ಸುಮಾರು 24 ನ್ಯೂಟನ್-ಮೀಟರ್. ನೇರ ಹೆಣೆದ ಕಡ್ಡಿಗೆ ಅದನ್ನು ರಿಮ್ಮಿಗೆ ದಾಟಿಸಲು ದಾರಿಯೇ ಇಲ್ಲ, ಹಬ್ ತಿರುಗಿ ಕಡ್ಡಿ ಓರೆಯಾದ ಮೇಲಷ್ಟೇ ಹಿಡಿಯುತ್ತದೆ.

ಹಬ್ಬಿನ ಫ್ಲ್ಯಾಂಜೇ ಬಿರುಕು ಬಿಟ್ಟಿದೆಯಾ ಅಂತ ಅನುಮಾನ ಇದ್ದರೆ ಸೀಮೆಎಣ್ಣೆ, ಸೀಮೆಸುಣ್ಣ ಸಾಕು. ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ, ಚೆನ್ನಾಗಿ ಒರೆಸಿ, ಸುಣ್ಣದ ಪುಡಿ ಉದುರಿಸಿ. ಬಿರುಕಿನಿಂದ ಎಣ್ಣೆ ಹೊರಬಂದು ಗೆರೆ ಕಾಣುತ್ತದೆ. ಗೆರೆ ಕಂಡರೆ ಆ ಹಬ್ ಎಸೆಯಿರಿ, ವೆಲ್ಡ್ ಮಾಡಿಸಬೇಡಿ.

ಚಕ್ರ ಹಗುರ, ಆದರೂ ಉರುಳುವುದಿಲ್ಲ

ಗಾಡಿ ತಳ್ಳಿದರೆ ಬೇಗ ನಿಲ್ಲುತ್ತದೆ. ತಂಡದಲ್ಲಿ ಯಾರಾದರೂ ಒಬ್ಬರು "ಸೆರಾಮಿಕ್ ಬೇರಿಂಗ್ ತರಿಸೋಣ" ಅಂದೇ ಅನ್ನುತ್ತಾರೆ. ತಡೆಯಿರಿ.

ಚಕ್ರ ಎತ್ತಿ ನೆಲದಿಂದ ಬಿಡಿಸಿ. ವಾಲ್ವ್ ಇರುವ ಜಾಗ ಪಕ್ಕಕ್ಕೆ, ಗಡಿಯಾರದ ಮೂರು ಗಂಟೆಯ ಕಡೆ ಇರುವ ಹಾಗೆ ಹಿಡಿದು ಬಿಟ್ಟುಬಿಡಿ. ಅಲ್ಲಿ ಹತ್ತು ಗ್ರಾಂ ಜಾಸ್ತಿ ತೂಕ ಇದ್ದರೂ ಚಕ್ರ ತಾನಾಗಿ ತಿರುಗಿ ವಾಲ್ವ್ ಕೆಳಗೆ ಬಂದು ಅತ್ತಿತ್ತ ತೂಗಿ ನಿಲ್ಲಬೇಕು. ಹಾಗೆ ತೂಗಿದರೆ ಬೇರಿಂಗ್ ತಡೆ ಟೈರಿನ ಅಂಚಿನಲ್ಲಿ ಒಂದು ನ್ಯೂಟನ್ನಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅದೇ ಚಕ್ರದ ಟೈರ್ 30 ಕೆ.ಜಿ. ಭಾರ ಹೊತ್ತು ಉರುಳುವಾಗ ಸಾಧಾರಣ ಒಳ್ಳೆಯ ಸೈಕಲ್ ಟೈರ್ ಆದರೂ ಒಂದೂವರೆ ನ್ಯೂಟನ್ ತಿನ್ನುತ್ತದೆ. ಸೆರಾಮಿಕ್‌ಗೆ ದುಡ್ಡು ಹಾಕಿ ಏನು ಉಳಿಸುತ್ತೀರಿ?

ತೂಗದೆ ಅಲ್ಲೇ ನಿಂತರೆ ಆಕ್ಸಲ್ ನಟ್ ಅರ್ಧ ಸುತ್ತು ಸಡಿಲ ಮಾಡಿ ಮತ್ತೆ ನೋಡಿ. ಈಗ ತೂಗಿದರೆ ಕಳ್ಳ ಸಿಕ್ಕ: ಎರಡು ಬೇರಿಂಗ್‌ಗಳ ಒಳರಿಂಗ್ ನಡುವೆ ಸ್ಪೇಸರ್ (ಅವನ್ನು ದೂರ ಇಡುವ ಕೊಳವೆ ತುಂಡು) ಇಲ್ಲ, ಅಥವಾ ಚಿಕ್ಕದಾಗಿದೆ. ನಟ್ ಬಿಗಿ ಮಾಡಿದಷ್ಟೂ ಒಳರಿಂಗ್‌ಗಳು ಒಂದರ ಕಡೆ ಒಂದು ಸರಿದು ಗುಂಡುಗಳನ್ನು ಹಿಂಡುತ್ತವೆ. ಹಬ್ಬಿನಲ್ಲಿ ಹೊರರಿಂಗ್ ಕೂರುವ ಎರಡು ಮೆಟ್ಟಿಲ ನಡುವಿನ ಅಳತೆ ಎಷ್ಟಿದೆಯೋ ಸ್ಪೇಸರ್ ಅಷ್ಟೇ ಇರಬೇಕು, ಕೂದಲೆಳೆ ಜಾಸ್ತಿ ಇದ್ದರೆ ಪರವಾಗಿಲ್ಲ, ಕಡಿಮೆ ಇರಬಾರದು. ಒಂದು ಜೂನಿಯರ್ ತಂಡ ಈ ಸ್ಪೇಸರನ್ನು ಪಿಎಲ್ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿತ್ತು. ಪಿಎಲ್ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ಮುಚ್ಚಿದ ಬಾಡಿಯೊಳಗೆ ಗಾಡಿ ನಿಲ್ಲಿಸಿದ್ದರು, ಸಂಜೆ ನೋಡಿದರೆ ಚಕ್ರ ಕೈಯಲ್ಲಿ ತಿರುಗಿಸಲೂ ಬಿಗಿ.

ಬೇರಿಂಗ್ ಚೆನ್ನಾಗಿದ್ದೂ ಗಾಡಿ ಉರುಳದಿದ್ದರೆ ಟೋ ನೋಡಿ, ಅಂದರೆ ಎರಡು ಮುಂಚಕ್ರ ಒಂದಕ್ಕೊಂದು ಸಮಾನಾಂತರ ಇವೆಯಾ ಅಂತ. ರಿಮ್ಮಿನ ಮುಂದಿನ ಅಂಚುಗಳ ನಡುವೆ, ಹಿಂದಿನ ಅಂಚುಗಳ ನಡುವೆ ಆಕ್ಸಲ್ ಎತ್ತರದಲ್ಲೇ ಅಳೆಯಿರಿ. ಒಂದೊಂದು ಚಕ್ರ ಒಂದು ಡಿಗ್ರಿ ಓರೆಯಾಗಿದ್ದರೂ ಎರಡು ಅಳತೆಯ ನಡುವೆ ಸುಮಾರು 14 ಮಿ.ಮೀ. ವ್ಯತ್ಯಾಸ ಬರುತ್ತದೆ, ಅಷ್ಟು ಇದ್ದರೆ ಟೈರ್ ಉರುಳುತ್ತಿಲ್ಲ, ನೆಲ ಸಾರಿಸುತ್ತಿದೆ. ಒಂದು ಮಿ.ಮೀ. ಒಳಗೆ ತನ್ನಿ. ಡ್ರೈವರ್ ಒಳಗೆ ಕೂತಿರುವಾಗಲೇ ಅಳೆಯಬೇಕು. ಖಾಲಿ ಗಾಡಿಯಲ್ಲಿ ಸೊನ್ನೆ ಮಾಡಿದ್ದು ಡ್ರೈವರ್ ಕೂತ ಮೇಲೆ ಚಾಸಿ ಬಗ್ಗಿ ಬೇರೆಯೇ ಆಗಿರುತ್ತದೆ, ನಮಗೆ ಒಮ್ಮೆ 5 ಮಿ.ಮೀ. ವ್ಯತ್ಯಾಸ ಬಂದಿತ್ತು.

ಕಾರ್ಬನ್ ಡಿಸ್ಕ್ ಮಾಡಿದವರಿಗೆ

ಕಡ್ಡಿ ಸಹವಾಸವೇ ಬೇಡ ಅಂತ ಕಾರ್ಬನ್ ಬಟ್ಟೆ, ಫೋಮ್, ಎಪಾಕ್ಸಿ ಹಾಕಿ ತಟ್ಟೆ ಚಕ್ರ ಮಾಡುವವರೂ ಇದ್ದಾರೆ. ಚೆನ್ನಾಗಿ ಮಾಡಿದರೆ ಅಡ್ಡ ಬಲಕ್ಕೆ ಇದೇ ವಾಸಿ. ಇದರ ದೋಷಗಳು ಬೇರೆ ತರ.

ನಾಣ್ಯ ತಗೊಂಡು ತಟ್ಟೆಯ ಮೇಲೆಲ್ಲ ತಟ್ಟಿ. "ಟಕ್ ಟಕ್" ಅಂತ ಗಟ್ಟಿ ಸದ್ದು ಬರುತ್ತಿದ್ದದ್ದು ಒಂದು ಕಡೆ "ಡಬ್" ಅಂದರೆ ಅಲ್ಲಿ ಪದರ ಫೋಮ್ ಬಿಟ್ಟಿದೆ. ಪೆನ್ಸಿಲ್‌ನಲ್ಲಿ ಗುರುತು ಹಾಕಿ, ವಾರ ಬಿಟ್ಟು ಮತ್ತೆ ತಟ್ಟಿ, ಗುರುತು ದಾಟಿ ಹರಡಿದ್ದರೆ ಆ ಚಕ್ರ ಓಡಿಸಬೇಡಿ. ಹಬ್ಬಿನ ಅಲ್ಯೂಮಿನಿಯಂ ತುಂಡು ಕಾರ್ಬನ್‌ನಿಂದ ಬಿಟ್ಟುಕೊಂಡಿದ್ದರೆ, ಅಂಟು ಯಾವುದರ ಮೇಲೆ ಉಳಿದಿದೆ ನೋಡಿ. ಅಲ್ಯೂಮಿನಿಯಂ ಕನ್ನಡಿ ತರ ಹೊಳೆಯುತ್ತಿದ್ದರೆ ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಅಸಿಟೋನ್‌ನಲ್ಲಿ ಒರೆಸಿರಲಿಲ್ಲ. ಬಿಳಿ ಪುಡಿ ಇದ್ದರೆ ತುಕ್ಕು. ಕಾರ್ಬನ್ನೂ ಅಲ್ಯೂಮಿನಿಯಮ್ಮೂ ನೇರ ಮುಟ್ಟಿಕೊಂಡು ತೇವ ಸೇರಿದರೆ ಅಲ್ಯೂಮಿನಿಯಂ ಕರಗುತ್ತದೆ, ಮಂಗಳೂರಿನ ಗಾಳಿಯಲ್ಲಿ ಇನ್ನೂ ಬೇಗ. ನಡುವೆ ಒಂದು ಪದರ ಗಾಜಿನ ಬಟ್ಟೆ ಹಾಕಿ ಅಂಟಿಸಿ.

ಬೆಳಿಗ್ಗೆ ನೇರ ಇದ್ದ ತಟ್ಟೆ ಮಧ್ಯಾಹ್ನ ವಾರೆಯಾಗಿದ್ದರೆ ಎಪಾಕ್ಸಿ ಪೂರ್ತಿ ಗಟ್ಟಿಯಾಗಿಲ್ಲ. ಕೋಣೆಯ ಶಾಖದಲ್ಲಷ್ಟೇ ಒಣಗಿಸಿದ ಎಪಾಕ್ಸಿ 50-60 ಡಿಗ್ರಿಗೇ ಮೆದುವಾಗುತ್ತದೆ, ಕಪ್ಪು ತಟ್ಟೆ ಬಿಸಿಲಲ್ಲಿ ಅಷ್ಟು ಕಾಯುವುದು ಕಷ್ಟವೇನಲ್ಲ. ಡಬ್ಬಿಯ ಮೇಲೆ ಬರೆದ ಹಾಗೆ ಓವನ್‌ನಲ್ಲಿ ಎರಡನೇ ಸಲ ಕಾಯಿಸಿ. ಅಲ್ಲಿಯ ತನಕ ಚಕ್ರದ ಮೇಲೆ ಬಿಳಿ ಪಂಚೆ ಹೊದಿಸಿ, ನಾವು ಹಾಗೇ ಮಾಡಿದ್ದು.

ಏನೇ ಬದಲಿಸಿದ್ದರೂ ಬಾಡಿ ಮುಚ್ಚುವ ಮೊದಲು ಕ್ಯಾನ್ ಮತ್ತೊಮ್ಮೆ ನೇತುಹಾಕಿ, ಎರಡೂ ಅಂಕಿ ದಿನಾಂಕದ ಜೊತೆ ನಕಲ್ ಮೇಲೇ ಮಾರ್ಕರ್‌ನಲ್ಲಿ ಬರೆಯಿರಿ. ಐದು ಕಿ.ಮೀ. ಓಡಿಸಿ ಬಂದು ಮತ್ತೆ ನೋಡಿ. ಎದುರು ಬದಿಯ ಅಂಕಿ ಏರಿದ್ದರೆ ಮೊದಲು ಬೇರಿಂಗ್ ಕೂತ ಜಾಗ ಬಿಚ್ಚಿ ನೋಡಿ, ಕಡ್ಡಿಗೆ ಕೈ ಹಾಕಬೇಡಿ.